ಯಂತ್ರವು ಮಲಗಿದಾಗ

ಆಗುಂಬೆಯೆಂದರೆ ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಈ ಘಟ್ಟದ ಊರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 300 ಅಂಗುಲ, ಎಂದರೆ 7,600 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. 1946ರ ಆಗಸ್ಟ್ ತಿಂಗಳೊಂದರಲ್ಲಿಯೇ 4,508 ಮಿಲಿಮೀಟರು ಸುರಿದುದು ದಾಖಲೆಯಲ್ಲಿದೆ. ಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದು ದೀಪ ಹೋಗುವುದು ಮಲೆನಾಡಿನವರಿಗೆ ಹೊಸ ಸುದ್ದಿಯಲ್ಲ. ಹಿಂದೆ ದೀಪ ಹೋದರೆ ಮನೆಯವರು ಲಾಟೀನು ಹೊತ್ತಿಸಿ ಕೆಲಸ ಮುಂದುವರಿಸುತ್ತಿದ್ದರು. ಇಂದು ಮದುವೆಯ ಚಿತ್ರಗಳು, ಮಕ್ಕಳ ಆಟಪಾಟ, ಹಿರಿಯರ ಧ್ವನಿ, ಜಮೀನಿನ ಕಾಗದಗಳ ಪ್ರತಿ, ಎಲ್ಲವೂ ಕಂಪ್ಯೂಟರನ್ನೂ ಅದಕ್ಕೆ ತಂತಿಯಿಂದ ತಗುಲಿಸುವ ಅಂಗೈಯಗಲದ ಒಂದು ಪೆಟ್ಟಿಗೆಯನ್ನೂ ಸೇರಿವೆ. ಆ ಪೆಟ್ಟಿಗೆಯೇ ಹಾರ್ಡ್ ಡಿಸ್ಕ್. ಕಂಪ್ಯೂಟರು ಮಲಗಿದಾಗ ಈ ಪೆಟ್ಟಿಗೆಯ ಗತಿಯೇನೆಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರುವುದು ಒಳ್ಳೆಯದು.

ಆಗುಂಬೆಯ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಆಷಾಢದ ಮಧ್ಯಾಹ್ನ. ಬೆಂಗಳೂರಿನಿಂದ ಬಂದಿರುವ ಮೊಮ್ಮಗ, ಎಂಬತ್ತು ದಾಟಿದ ಅಜ್ಜ ಹೇಳಿದ ಯಕ್ಷಗಾನದ ಎಂಟು ಪ್ರಸಂಗಗಳ ಪದಗಳನ್ನು ಒಂದು ವಾರವಿಡೀ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದಾನೆ. ಅವನ್ನು ಲ್ಯಾಪ್‌ಟಾಪಿಗೆ ತುಂಬಿ, ಮೊಬೈಲಿನಲ್ಲಿ ಜಾಗ ಸಾಲದೆಂದು ಅಲ್ಲಿಯದನ್ನು ಅಳಿಸಿಯೂ ಆಗಿದೆ. ಈಗ ಲ್ಯಾಪ್‌ಟಾಪಿನಿಂದ ಹಾರ್ಡ್ ಡಿಸ್ಕಿಗೆ ಸಾಗಿಸುತ್ತಿದ್ದಾನೆ. ಪ್ರತಿ ಮಾಡುತ್ತಿಲ್ಲ, ಸಾಗಿಸುತ್ತಿದ್ದಾನೆ. ಒಂದೊಂದು ವಿಡಿಯೋ ಅಲ್ಲಿ ಸೇರಿದಂತೆ ಇಲ್ಲಿ ಅಳಿಸಿಹೋಗುತ್ತದೆ. ಅಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿ ಉಳಿಯಲೆಂದು ಹುಡುಗ ಲ್ಯಾಪ್‌ಟಾಪಿನ ಮುಚ್ಚಳವನ್ನು ಮುಚ್ಚಿದ.

"ಪುಟ್ಟಾ, ಎಲೆ ಹಾಕಿದೆ, ಬಾರೋ. ಚಿಕ್ಕಪ್ಪಂಗೆ ಬಸ್ಸು ತಪ್ಪೀತು" ಎಂದು ಅಜ್ಜಿ ಒಳಗಿನಿಂದ ಕೂಗಿದರು.

"ಬಂದೆ ಅಜ್ಜಿ, ಯಂತ್ರ ಮುಚ್ಚಿಟ್ಟಾಯ್ತು" ಎಂದ ಹುಡುಗ.

ಊಟವಾಯಿತು. ಮುಚ್ಚಿದ ಯಂತ್ರವು ನಿಂತೇಹೋಗಿದೆಯೆಂದು ನಂಬಿ, ಹುಡುಗ ಹಾರ್ಡ್ ಡಿಸ್ಕಿನ ತಂತಿಯನ್ನು ಕಿತ್ತು ಚಿಕ್ಕಪ್ಪನ ಕೈಗಿತ್ತ. ಅವರು ತೀರ್ಥಹಳ್ಳಿಯ ಮನೆಯಲ್ಲಿ ನೋಡಿ, ಮರುದಿನ ಹಿಂದಕ್ಕೆ ತರುವುದೆಂದು ಮಾತಾಯಿತು. ಆ ರಾತ್ರಿ ಚಿಕ್ಕಪ್ಪನ ಫೋನು ಬಂತು: "ಏನೋ ಪುಟ್ಟ, ಅಪ್ಪಯ್ಯನ ಆರು ವಿಡಿಯೋ ಚೆನ್ನಾಗಿದೆ. ಏಳನೆಯದು ತೆರೆಯೋದೇ ಇಲ್ಲ. ಎಂಟನೆಯದು ಇಲ್ಲವೇ ಇಲ್ಲವಲ್ಲ?"

ಹುಡುಗನ ತಪ್ಪೇನು? ಮಲಗಿದವನನ್ನು ಊರು ಬಿಟ್ಟು ಹೋದವನೆಂದು ತಿಳಿದದ್ದು.

ಮುಚ್ಚಳ ಮುಚ್ಚಿದಾಗ ಲ್ಯಾಪ್‌ಟಾಪು ಸಾಮಾನ್ಯವಾಗಿ ಆರುವುದಿಲ್ಲ, ನಿದ್ರಿಸುತ್ತದೆ. ಪರದೆ ಕತ್ತಲಾಗುತ್ತದೆ, ಲೆಕ್ಕ ಮಾಡುವ ಭಾಗ ಸ್ತಬ್ಧವಾಗುತ್ತದೆ. ಆದರೆ ತತ್ಕಾಲದ ನೆನಪನ್ನು ಹಿಡಿದಿಡುವ ಭಾಗಕ್ಕೆ ಬ್ಯಾಟರಿಯಿಂದ ಸ್ವಲ್ಪ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಯಾವ ಕಡತ ತೆರೆದಿದೆ, ಯಾವ ಡಿಸ್ಕು ತಗುಲಿಕೊಂಡಿದೆ, ಎಷ್ಟು ಬರೆದಾಯಿತು, ಎಷ್ಟು ಬರೆಯಬೇಕು, ಇದೆಲ್ಲವೂ ಆ ನೆನಪಿನಲ್ಲಿದೆ. ಇದಲ್ಲದೆ ಹೈಬರ್ನೇಟ್ ಎಂಬ ದೀರ್ಘನಿದ್ರೆಯೂ ಉಂಟು. ಅದರಲ್ಲಿ ಯಂತ್ರವು ತನ್ನ ನೆನಪನ್ನೆಲ್ಲ ಒಳಗಿನ ಡಿಸ್ಕಿನಲ್ಲಿ ಬರೆದಿಟ್ಟು ವಿದ್ಯುತ್ತನ್ನು ಪೂರ್ಣವಾಗಿ ಬಿಡುತ್ತದೆ. ಎದ್ದಾಗ ಅದನ್ನೇ ಓದಿಕೊಂಡು ಬಿಟ್ಟ ಕೆಲಸಕ್ಕೆ ಕೈಹಾಕುತ್ತದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಅನೇಕ ಯಂತ್ರಗಳು, ಬೇಗ ಏಳಬೇಕೆಂಬ ಉದ್ದೇಶದಿಂದ, 'ಶಟ್ ಡೌನ್' ಮಾಡಿದಾಗಲೂ ನೆನಪಿನ ಒಂದು ಪಾಲನ್ನು ಹೀಗೆಯೇ ಬರೆದಿಟ್ಟುಕೊಳ್ಳುತ್ತವೆ. ಹಳೆಯ ನೆನಪನ್ನು ಬಿಟ್ಟು ಹೊಸದಾಗಿ ಏಳುವುದು 'ರೀಸ್ಟಾರ್ಟ್' ಮಾಡಿದಾಗ.

ಹುಡುಗ ಮುಚ್ಚಳ ಮುಚ್ಚಿದಾಗ ಏಳನೆಯ ವಿಡಿಯೋ ದಾರಿಯ ಮಧ್ಯದಲ್ಲಿತ್ತು. ತಂತಿ ಕಿತ್ತೊಡನೆ ಅದು ಅರ್ಧ ಬರೆದ ಪತ್ರದಂತಾಯಿತು. ಆದರೆ ಇದಕ್ಕಿಂತ ದೊಡ್ಡ ಅಪಾಯ ಮರುದಿನಕ್ಕೆ ಕಾದಿರುತ್ತದೆ. ಅದನ್ನು ತಿಳಿಯಲು ಹಳೆಯ ಕಾಲದ ಶಾನುಭೋಗರನ್ನು ನೆನೆಯಬಹುದು. ಶಾನುಭೋಗರು ಲೆಕ್ಕದ ಪುಸ್ತಕವನ್ನು ಎದುರಿಗಿಟ್ಟುಕೊಂಡು, ಪುಟಪುಟದ ಮೊತ್ತವನ್ನು ಮನಸ್ಸಿನಲ್ಲಿ ಹಿಡಿದು, ಕುಳಿತಲ್ಲಿಯೇ ತೂಕಡಿಸಿದರು. ಆ ಹೊತ್ತಿನಲ್ಲಿ ಬೇರೊಬ್ಬರು ಪುಸ್ತಕವನ್ನು ಒಯ್ದು, ಕೆಲವು ಪುಟಗಳಲ್ಲಿ ಹೊಸ ಲೆಕ್ಕ ಬರೆದು, ಸದ್ದಿಲ್ಲದೆ ಮೊದಲಿದ್ದಲ್ಲಿಯೇ ಇಟ್ಟರು. ಶಾನುಭೋಗರು ಎಚ್ಚೆತ್ತರು. ಪುಸ್ತಕ ಅದೇ, ಜಾಗವೂ ಅದೇ. ಮನಸ್ಸಿನಲ್ಲಿದ್ದ ಹಳೆಯ ಮೊತ್ತವನ್ನೇ ಹೊಸ ಲೆಕ್ಕದ ಮೇಲೆ ಬರೆದರು. ಅಲ್ಲಿಗೆ ಇಬ್ಬರ ಲೆಕ್ಕವೂ ಕೆಟ್ಟಿತು.

ಡಿಸ್ಕಿನಲ್ಲಿಯೂ ಯಾವ ಕಡತ ಎಲ್ಲಿದೆಯೆಂದು ತೋರಿಸುವ ಒಂದು ಪಟ್ಟಿಯಿರುತ್ತದೆ. ಚಿಕ್ಕಪ್ಪ ತಮ್ಮ ಕಂಪ್ಯೂಟರಿನಿಂದ ನಾಲ್ಕು ಚಿತ್ರಗಳನ್ನು ಅದಕ್ಕೆ ಸೇರಿಸಿದರೆ ಆ ಪಟ್ಟಿ ಬದಲಾಗುತ್ತದೆ. ಡಿಸ್ಕನ್ನು ಇನ್ನೂ ನಿದ್ರೆಯಲ್ಲಿರುವ ಲ್ಯಾಪ್‌ಟಾಪಿಗೆ ತಗುಲಿಸಿ ಅದನ್ನು ಎಬ್ಬಿಸಿದರೆ, ಹಳೆಯ ಪಟ್ಟಿಯನ್ನೇ ನಂಬಿ ಅದು ಬರೆಯಲು ತೊಡಗಬಹುದು. ಅನೇಕ ಯಂತ್ರಗಳು ಎದ್ದೊಡನೆ ಡಿಸ್ಕನ್ನು ಪರೀಕ್ಷಿಸಿಕೊಳ್ಳುತ್ತವೆಂಬುದು ನಿಜ. ಆ ಪರೀಕ್ಷೆಯೊಂದನ್ನೇ ನೆಚ್ಚಿಕೊಂಡಿರುವುದು ಮಾತ್ರ ಜಾಣತನವಲ್ಲ.

ಡಿಸ್ಕಿನ ಶರೀರಧರ್ಮವನ್ನೂ ಅರಿಯಬೇಕು. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲನೆಯ ಹಾರ್ಡ್ ಡಿಸ್ಕಿನಲ್ಲಿ ಎರಡಡಿ ವ್ಯಾಸದ 50 ತಟ್ಟೆಗಳಿದ್ದವು. ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಇಂದಿನ ಅಂಗೈಯಗಲದ ಪೆಟ್ಟಿಗೆ ಅದರ ಲಕ್ಷಾಂತರ ಪಟ್ಟು ಹಿಡಿಯುತ್ತದೆಯಾದರೂ, ಬಹುಪಾಲು ಪೆಟ್ಟಿಗೆಗಳೊಳಗೆ ಇಂದಿಗೂ ತಿರುಗುವ ತಟ್ಟೆಯೇ ಇದೆ. ಅದು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಎಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಓದಿ ಬರೆಯುವ ಮುಳ್ಳು ತಟ್ಟೆಯನ್ನು ಮುಟ್ಟದೆ, ಕೂದಲೆಳೆಗಿಂತಲೂ ಎಷ್ಟೋ ಪಾಲು ಕಿರಿದಾದ ಅಂತರದಲ್ಲಿ ತೇಲುತ್ತಿರುತ್ತದೆ. ಕೆಲಸವಿಲ್ಲದಾಗ ಡಿಸ್ಕು ತಾನೂ ತಿರುಗುವುದನ್ನು ನಿಲ್ಲಿಸಿ ವಿಶ್ರಮಿಸುವುದುಂಟು. ಮತ್ತೆ ಕೇಳಿದಾಗ ಎದ್ದು ವೇಗ ಹಿಡಿಯಲು ಕೆಲವು ಸೆಕೆಂಡುಗಳು ಬೇಕು. ಆಗ ಗಾಬರಿಯಿಂದ ತಂತಿ ಕೀಳಬಾರದು. ಕಂಪ್ಯೂಟರು ಮಲಗಿದಾಗ ತಂತಿಯಲ್ಲಿ ಬರುವ ವಿದ್ಯುತ್ತನ್ನು ಕೆಲವು ಯಂತ್ರಗಳು ನಿಲ್ಲಿಸುತ್ತವೆ, ಕೆಲವು ನಿಲ್ಲಿಸುವುದಿಲ್ಲ. ಆದುದರಿಂದ ಪೆಟ್ಟಿಗೆಯ ಚಿಕ್ಕ ದೀಪವನ್ನು ಕಂಡೋ ಕಾಣದೆಯೋ ಏನನ್ನೂ ನಿರ್ಧರಿಸಲಾಗದು.

ಆಗುಂಬೆಯಲ್ಲಿ ಇದು ಒಂದು ಮನೆಯ ಮಾತಷ್ಟೇ ಅಲ್ಲ. ಸರ್ಪತಜ್ಞ ರಾಮುಲಸ್ ವಿಟೇಕರ್ ಅವರು 2005ರಲ್ಲಿ ಇಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. 2008ರಲ್ಲಿ ಅಲ್ಲಿ ಕಾಳಿಂಗ ಸರ್ಪಗಳ ದೇಹದಲ್ಲಿ ಪುಟ್ಟ ರೇಡಿಯೋ ಸಾಧನವನ್ನಿಟ್ಟು, ಅವುಗಳ ಜಾಡು ಹಿಡಿದು ಕಾಡಿನಲ್ಲಿ ನಡೆಯುವ ಅಧ್ಯಯನ ಆರಂಭವಾಯಿತು. ಕಾಳಿಂಗವು ತರಗೆಲೆಗಳನ್ನು ಒಟ್ಟಿ ಗೂಡು ಕಟ್ಟಿ ಮೊಟ್ಟೆಯಿಡುವ ಹಾವು. ಅದು ಒಂದು ದಿನ ನಡೆದ ಹಾದಿಯನ್ನು ಅಂದೇ ಬರೆದಿಟ್ಟುಕೊಳ್ಳಬೇಕು. ಕಳೆದುಹೋಯಿತೆಂದು ಹಾವನ್ನು ಮತ್ತೆ ಅದೇ ಹಾದಿಯಲ್ಲಿ ನಡೆಸಲಾಗದು. ಎಂಬತ್ತು ದಾಟಿದ ಅಜ್ಜನ ಕಂಠವೂ ಹಾಗೆಯೇ. ಹೊಸ ಡಿಸ್ಕು ಪೇಟೆಯಲ್ಲಿ ಸಿಗುತ್ತದೆ, ಅದರೊಳಗಿನದು ಸಿಗುವುದಿಲ್ಲ.

ಇದಕ್ಕೆ ಪರಿಹಾರ ಕಷ್ಟದ್ದೇನೂ ಅಲ್ಲ. ಮುಚ್ಚಳ ಮುಚ್ಚುವ ಮೊದಲು, ಇನ್ನೂ ಎಚ್ಚರವಾಗಿರುವ ಯಂತ್ರಕ್ಕೆ ಡಿಸ್ಕನ್ನು ಬಿಡುವಂತೆ ಹೇಳಬೇಕು. ವಿಂಡೋಸಿನಲ್ಲಿ ಇದಕ್ಕೆ 'ಸೇಫ್ಲಿ ರಿಮೂವ್' ಎಂದೂ ಮ್ಯಾಕಿನಲ್ಲಿ 'ಇಜೆಕ್ಟ್' ಎಂದೂ ಹೆಸರು. ಆಗ ಯಂತ್ರವು ಬರೆಯಬೇಕಾದುದನ್ನು ಬರೆದು ಮುಗಿಸಿ ಲೆಕ್ಕ ಮುಚ್ಚುತ್ತದೆ. 2018ರ ಕೊನೆಯಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ, ಇಂತಹ ಡಿಸ್ಕುಗಳಿಗೆ ಬರೆಯುವುದನ್ನು ತಡಮಾಡದಿರುವ ಏರ್ಪಾಡು ಮೊದಲಿನಿಂದಲೇ ಇರುತ್ತದೆ. ಆದರೂ ಸಾಗಾಟದ ಮಧ್ಯದಲ್ಲಿ ಕಿತ್ತರೆ ಯಾವ ಏರ್ಪಾಡೂ ಕಾಯುವುದಿಲ್ಲ. ಯಂತ್ರವು ಆಗಲೇ ಮಲಗಿದ್ದರೆ, ಮೊದಲು ಎಬ್ಬಿಸಿ, ಬಿಡಿಸಿಕೊಂಡು, ಅನಂತರ ತಂತಿಗೆ ಕೈಹಚ್ಚಬೇಕು. ಬ್ಯಾಟರಿ ಕ್ಷೀಣವಾಗಿದ್ದರೆ ದೊಡ್ಡ ಕಡತಗಳ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಸಾಗಿಸುವುದರ ಬದಲು ಪ್ರತಿ ಮಾಡಿ, ತೆರೆದು ನೋಡಿ, ಆಮೇಲೆ ಮೂಲವನ್ನು ಅಳಿಸಬೇಕು. ಒಂದು ಪ್ರತಿ ಊರಿನಲ್ಲಿ, ಇನ್ನೊಂದು ಪ್ರತಿ ಬೇರೆ ಊರಿನಲ್ಲಿರಲಿ. ಮಳೆಗಾಲದ ತೇವವೂ ಡಿಸ್ಕಿಗೆ ಹಗೆ. ಬಿಗಿಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣದೊಡನೆ ಇಟ್ಟರೆ ಕ್ಷೇಮ.

ಆ ಸಂಸಾರದ ಕಥೆಯನ್ನು ಮುಗಿಸಬೇಕಲ್ಲವೆ? ಚಿಕ್ಕಪ್ಪನ ಫೋನು ಬಂದ ಮೇಲೆ ಹುಡುಗ ಲ್ಯಾಪ್‌ಟಾಪನ್ನು ತೆರೆದು ನೋಡಿದ. ಏಳನೆಯದೂ ಎಂಟನೆಯದೂ ಅಲ್ಲಿಯೇ ಇದ್ದವು. ಪೂರ್ತಿಯಾಗಿ ಸಾಗದ ಕಡತದ ಮೂಲವನ್ನು ಯಂತ್ರ ಅಳಿಸಿರಲಿಲ್ಲ. ಆದರೆ ಉಳಿದ ಆರೂ ಆ ಮಳೆಯ ರಾತ್ರಿ ಇದ್ದದ್ದು ಚಿಕ್ಕಪ್ಪನ ಚೀಲದಲ್ಲಿದ್ದ ಒಂದೇ ಒಂದು ಪೆಟ್ಟಿಗೆಯಲ್ಲಿ. ಅದು ಹೊಳೆದಾಗ ಹುಡುಗನಿಗೆ ನಿದ್ದೆ ಬರಲಿಲ್ಲ. ಮರುದಿನ ಚಿಕ್ಕಪ್ಪ ಬಂದೊಡನೆ ಅವನು ಮಾಡಿದ ಮೊದಲನೆಯ ಕೆಲಸ, ಯಂತ್ರವನ್ನು ರೀಸ್ಟಾರ್ಟ್ ಮಾಡಿ, ಡಿಸ್ಕನ್ನು ತಗುಲಿಸಿ, ಆ ಆರನ್ನೂ ಪ್ರತಿ ಮಾಡಿಕೊಂಡದ್ದು.

ನೋಡುತ್ತಿದ್ದ ಅಜ್ಜಿ ಕೇಳಿದರು: "ಅಷ್ಟೇ ಏನೋ? ಒಲೆ ಆರಿಸಿ, ಹಟ್ಟಿಯ ಬಾಗಿಲು ಹಾಕಿ, ಅಗುಳಿ ನೋಡದೆ ನಾನು ಒಂದು ದಿನವೂ ಮಲಗಿದವಳಲ್ಲ. ನಿನ್ನ ಯಂತ್ರಕ್ಕೆ ಅದನ್ನು ಯಾರೂ ಕಲಿಸಲಿಲ್ಲವೆ?"

"ಯಂತ್ರಕ್ಕೆ ಗೊತ್ತುಂಟು ಅಜ್ಜಿ. ನಾನೇ ಅದಕ್ಕೆ ಹೇಳಲಿಲ್ಲ" ಎಂದ ಹುಡುಗ.