ಪಿಂಗಾಣಿ ಹಲ್ಲು, ಅದರ ಸಿಮೆಂಟು ಮತ್ತು ನಮ್ಮ ರಶೀದಿ

ಬೇರುನಾಳದ ಚಿಕಿತ್ಸೆಯಾದ ಹಲ್ಲಿಗೆ ಪಿಂಗಾಣಿಯ ಕ್ಯಾಪ್ ಹಾಕಿಸಿಕೊಳ್ಳುವುದು ಈಗ ಸಾಮಾನ್ಯ. ಸಾವಿರಾರು ರೂಪಾಯಿ ತೆತ್ತು ಪಡೆದ ರಶೀದಿಯಲ್ಲಿ ಮಾತ್ರ ಅನೇಕ ವೇಳೆ ‘ಸೆರಾಮಿಕ್ ಕ್ಯಾಪ್’ ಎಂಬ ಎರಡೇ ಪದಗಳಿರುತ್ತವೆ. ಮುಂದೆ ಕ್ಯಾಪ್ ಕಳಚಿದರೆ, ಒಡೆದರೆ, ಆ ಎರಡು ಪದಗಳಿಂದ ಏನನ್ನೂ ತಿಳಿಯಲಾಗದು. ಏಕೆಂದರೆ ಹಲ್ಲಿನ ಪಿಂಗಾಣಿ ಒಂದೇ ಬಗೆಯದಲ್ಲ. ಅದನ್ನು ಕೂಡಿಸುವ ಸಿಮೆಂಟೂ ಒಂದೇ ಅಲ್ಲ.

ಫೆಲ್ಡ್‌ಸ್ಪಾರ್‌ನಿಂದಾದ ಪಿಂಗಾಣಿ ಬೆಳಕನ್ನು ಒಳಬಿಟ್ಟುಕೊಂಡು ಸಹಜ ಹಲ್ಲಿನಂತೆಯೇ ತೋರುತ್ತದೆ. ಬಲ ಮಾತ್ರ ಕಡಿಮೆ. ಮುಂದಿನ ಹಲ್ಲುಗಳಿಗೆ ಅಂಟಿಸುವ ತೆಳುಪದರಕ್ಕೆ ಅದು ಒಪ್ಪುತ್ತದೆ. ಲಿಥಿಯಂ ಡೈಸಿಲಿಕೇಟ್ ಅದಕ್ಕಿಂತ ಹಲವು ಪಟ್ಟು ಗಟ್ಟಿ. ಇವೆರಡರಲ್ಲಿಯೂ ಗಾಜಿನ ಅಂಶವಿರುವುದರಿಂದ ಒಳಮೈಯನ್ನು ಹೈಡ್ರೋಫ್ಲೋರಿಕ್ ಆಮ್ಲದಿಂದ ಒರಟುಗೊಳಿಸಿ, ಸಿಲೇನ್ ಲೇಪಿಸಿ, ರೆಸಿನ್ ಸಿಮೆಂಟಿನಿಂದ ಅಂಟಿಸುತ್ತಾರೆ. ಹಾಗೆ ಬೆಸೆದಾಗ ಅಗಿಯುವ ಒತ್ತಡವನ್ನು ಪಿಂಗಾಣಿಯೊಂದೇ ಹೊರಬೇಕಾಗಿಲ್ಲ, ಹಲ್ಲೂ ಹೊರುತ್ತದೆ. ತೆಳುಪದರಕ್ಕೆ ಬೆಳಕಿನಿಂದ ಗಟ್ಟಿಯಾಗುವ ರೆಸಿನ್ ಸಾಕು. ದಪ್ಪವಾದರೆ ಬೆಳಕು ತಲುಪದ ಕಾರಣ, ತಾನಾಗಿಯೂ ಗಟ್ಟಿಯಾಗುವ ಬಗೆ ಬೇಕು.

ಜಿರ್ಕೋನಿಯಾ ಇವೆಲ್ಲಕ್ಕಿಂತ ಬಲಿಷ್ಠ. ದವಡೆ ಹಲ್ಲಿಗೆ ತಕ್ಕದ್ದು. ಅದರಲ್ಲಿ ಗಾಜಿನ ಅಂಶವಿಲ್ಲದ್ದರಿಂದ ಆ ಆಮ್ಲದ ಉಪಚಾರ ಅದಕ್ಕೆ ನಾಟದು. ಅರೆದು ಉಳಿಸಿದ ಹಲ್ಲಿಗೆ ಸಾಕಷ್ಟು ಎತ್ತರವೂ ಹಿಡಿತವೂ ಇದ್ದರೆ ಗ್ಲಾಸ್ ಅಯನೋಮರ್ ಸಿಮೆಂಟು ಸಾಲುತ್ತದೆ. ಹಲ್ಲು ಗಿಡ್ಡವಾಗಿದ್ದರೆ ಫಾಸ್ಫೇಟ್ ಅಂಶವುಳ್ಳ ವಿಶೇಷ ರೆಸಿನ್ ಬೇಕಾಗುತ್ತದೆ. ಲೋಹದ ಮೇಲೆ ಪಿಂಗಾಣಿ ಹೊದಿಸಿದ ಕ್ಯಾಪಿಗೂ ಸಾಮಾನ್ಯ ಸಿಮೆಂಟು ನಡೆಯುತ್ತದೆ. ರೆಸಿನ್‌ಗೆ ತೇವ ಆಗದು. ಒಸಡಿನ ಅಂಚಿನಲ್ಲಿ ಒಣಗಿಸಿಡಲಾಗದಿದ್ದರೆ ವೈದ್ಯರು ಬೇರೆ ದಾರಿ ಹಿಡಿಯಬೇಕಾದೀತು.

ಆಯ್ಕೆಯ ವಿವೇಚನೆ ವೈದ್ಯರದು. ತಿಳಿಯುವ ಹಕ್ಕು ನಮ್ಮದು. ಚಿಕಿತ್ಸೆಯ ಸ್ವರೂಪ, ಪರ್ಯಾಯ, ಅಪಾಯಗಳನ್ನು ತಿಳಿಸಿ ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆಯೆಂದು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆದುದರಿಂದ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಅಚ್ಚಾದ ಒಪ್ಪಿಗೆಪತ್ರ ಅರ್ಥವಾಗದಿದ್ದರೆ, ವಿವರಣೆ ಕೇಳಿದ ಬಳಿಕವೇ ಸಹಿ ಹಾಕಿರಿ. ಕನ್ನಡ ಶಾಲೆಯಲ್ಲಿ ಓದಿದವರು ಈ ಪ್ರಶ್ನೆಗೆ ಸಂಕೋಚಪಡಬೇಕಾಗಿಲ್ಲ. ಯಾವ ಪಿಂಗಾಣಿ, ಯಾವ ಸಿಮೆಂಟು, ಎಷ್ಟು ಕಾಲದ ಖಾತರಿ – ಈ ಮೂರನ್ನೂ ರಶೀದಿಯಲ್ಲಿ ಬರೆಯಿಸಿಕೊಳ್ಳಿರಿ.

ಶುಲ್ಕ ಪಡೆದು ನೀಡುವ ವೈದ್ಯಕೀಯ ಚಿಕಿತ್ಸೆ ಗ್ರಾಹಕ ಕಾನೂನಿನ ‘ಸೇವೆ’ಯೆಂಬುದು 1995ರಿಂದಲೇ ಇತ್ಯರ್ಥವಾದ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ವ್ಯಾಜ್ಯಕಾರಣ ಉಂಟಾದ 2 ವರ್ಷಗಳೊಳಗೆ ಸಲ್ಲಿಸಬೇಕು. ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಆದರೆ ಕ್ಯಾಪ್ ಕಳಚಿದ ಮಾತ್ರಕ್ಕೆ ವೈದ್ಯರ ನಿರ್ಲಕ್ಷ್ಯ ಸಿದ್ಧವಾಗದು. ಅದನ್ನು ಸಾಬೀತುಪಡಿಸುವ ಹೊಣೆ ದೂರುದಾರರದು. ದಾಖಲೆ ಬೇಕಾಗುವುದು ಅಲ್ಲಿಯೇ.

ಕಳಚಿದ ಕ್ಯಾಪನ್ನು ಅಂಗಡಿಯ ಅಂಟಿನಿಂದ ಕೂಡಿಸಬೇಡಿರಿ, ಎಸೆಯಲೂ ಬೇಡಿರಿ. ಪುಟ್ಟ ಡಬ್ಬಿಯಲ್ಲಿಟ್ಟು ರಶೀದಿಯೊಡನೆ ವೈದ್ಯರಲ್ಲಿಗೆ ಒಯ್ಯಿರಿ. ಹಾಳಾಗದಿದ್ದರೆ ಅದನ್ನೇ ಮತ್ತೆ ಕೂಡಿಸಬಹುದು. ವ್ಯಾಜ್ಯವೇ ಆದರೆ ಅದೇ ಸಾಕ್ಷ್ಯ.