ಪರರ ನೆನಪು, ನಮ್ಮ ಹಸಿವು
1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಂಟಕಿ ಫ್ರೈಡ್ ಚಿಕನ್ ಮಳಿಗೆ ತೆರೆಯಿತು. 1996ರ ಜನವರಿ 30ರಂದು ರೈತ ಸಂಘದ ಕಾರ್ಯಕರ್ತರು ಅಲ್ಲಿಗೆ ನುಗ್ಗಿ ಗಾಜು ಒಡೆದರು. ನಗರದ ನಾಲಗೆಯ ಚಪಲ ಮಾತ್ರ ಅಡಗಲಿಲ್ಲ.

ವಿದೇಶಿ ಎಂಬುದೇ ದೋಷವೆನ್ನುವವರು, ತಮ್ಮ ಸಾರಿನ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದುದೆಂಬುದನ್ನು ಮರೆಯುತ್ತಾರೆ. ಶರಣಬಂಧುಗಳು ದೋಷವನ್ನು ಬೇರೆಡೆ ಅರಸಬೇಕು. ಮ್ಯಾಕರೋನಿ-ಚೀಸ್ ಅಮೆರಿಕದ ಮಗುವಿಗೆ ಮನೆಯ ನೆನಪು. ಅದಕ್ಕೆ ಆ ಸಾಂತ್ವನ ಸಹಜ. ಅದೇ ನೆನಪನ್ನು 'ಕಂಫರ್ಟ್ ಫುಡ್' ಎಂದು ಬೆಂಗಳೂರಿನ ಮಗುವಿಗೆ ಮಾರುವುದು ಎಂತಹ ವ್ಯಾಪಾರ? ಜ್ವರ ಬಂದಾಗ ಆ ಮಗು ಬೇಡುವುದು ಗಂಜಿ, ತಿಳಿಸಾರು, ಬರ್ಗರನ್ನಲ್ಲ!

ದಾಸೋಹದಲ್ಲಿ ಬಡಿಸಿದವನೂ ಅದೇ ಪಂಕ್ತಿಯಲ್ಲಿ ಉಣ್ಣುತ್ತಾನೆ. ಬರ್ಗರಿನ ಪೊಟ್ಟಣ ಹೊತ್ತು ಮಳೆಯಲ್ಲಿ ಬೈಕ್ ಓಡಿಸುವ ಹುಡುಗನು ಎಲ್ಲಿ ಕುಳಿತು ಉಣ್ಣಬೇಕು?