ಶಿಪಿಬೊ ಮಕ್ಕಳ ಶಾಲೆ: ಇದೆಯೋ, ಇದೆಯಂತೆಯೋ?

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಆಂಡಿಸ್ ಪರ್ವತಗಳನ್ನು ದಾಟಿ ಪೂರ್ವಕ್ಕೆ ಇಳಿದರೆ ಅಮೆಜಾನಿನ ಕಾಡು. ಆ ಕಾಡಿನ ನಡುವೆ ಹರಿಯುವ ಉಕಯಾಲಿ ಎಂಬ ಮಹಾನದಿಯ ದಡಗಳಲ್ಲಿ ಶಿಪಿಬೊ-ಕೊನಿಬೊ ಎಂಬ ಜನ ವಾಸವಾಗಿದ್ದಾರೆ. ಮೀನು ಹಿಡಿಯುವುದು, ಬಾಳೆ ಮತ್ತು ಮರಗೆಣಸು ಬೆಳೆಯುವುದು ಇವರ ಕಸುಬು. 30 ಸಾವಿರಕ್ಕೂ ಹೆಚ್ಚು ಮಂದಿಗೆ ಶಿಪಿಬೊ ತಾಯ್ನುಡಿ. ಅಷ್ಟು ದೂರದವರ ಮಕ್ಕಳ ಶಾಲೆಯ ಚಿಂತೆ ನಮಗೇಕೆ ಎಂದು ಓದುಗರು ಕೇಳಬಹುದು. ಬಡವನ ಮಗುವಿಗೆ ಸರ್ಕಾರ ಯಾವ ಭಾಷೆಯಲ್ಲಿ ಅಕ್ಷರ ಕಲಿಸುತ್ತದೆ ಎಂಬ ಪ್ರಶ್ನೆ ಯಾವ ದೇಶದ್ದಾದರೂ ಸಮಾಜವಾದಿಗೆ ಅದು ಮನೆಯ ಪ್ರಶ್ನೆಯೇ.

ಈ ಭಾಷೆಯಲ್ಲಿ ಒಂದು ವಿಶೇಷವುಂಟು. ತಾನೇ ಕಂಡು ಹೇಳುವ ಮಾತಿಗೆ ಶಿಪಿಬೊ ಮನುಷ್ಯ ‘ರಾ’ ಎಂಬ ಪ್ರತ್ಯಯ ಸೇರಿಸುತ್ತಾನೆ. ಪರರಿಂದ ಕೇಳಿದ ಮಾತಾದರೆ ‘ರೊಂಕಿ’ ಎಂಬುದನ್ನು ಸೇರಿಸುತ್ತಾನೆ. ನಮ್ಮ ‘ಅಂತೆ’ಯ ಹಾಗೆ. ‘ಮಳೆ ಬಂತು’ ಬೇರೆ, ‘ಮಳೆ ಬಂತಂತೆ’ ಬೇರೆ. ಕಂಡದ್ದನ್ನೂ ಕೇಳಿದ್ದನ್ನೂ ಬೆರೆಸದೆ ಹೇಳಬಲ್ಲ ಈ ನುಡಿಯನ್ನು ಕಾಡುಜನರ ಭಾಷೆ, ವಿದ್ಯೆಗೆ ಸಲ್ಲದು ಎಂದು ಆಳುವವರು ಬಹುಕಾಲ ಹಳಿದರು. ಲೆಕ್ಕ ಕಲಿಸಲು ಇದರಲ್ಲಿ ಪದಗಳೆಲ್ಲಿ ಎಂದು ಕೇಳುವವರೂ ಇದ್ದಾರೆ. ಮೂರಕ್ಕೆ ಕಿಮಿಶಾ, ಐದಕ್ಕೆ ಪಿಚಿಕಾ, ಹತ್ತಕ್ಕೆ ಚೊಂಕಾ ಎಂದು ಶಿಪಿಬೊಗಳು ಪರ್ವತದ ಕೆಚುವಾ ಭಾಷೆಯಿಂದ ಎಂದೋ ಎರವಲು ತಂದುಕೊಂಡಿದ್ದಾರೆ. ನಮ್ಮ ‘ಸಾವಿರ’ವೂ ಸಂಸ್ಕೃತದ ‘ಸಹಸ್ರ’ದಿಂದ ಬಂದದ್ದೇ. ಹಾಗೆಂದು ಕನ್ನಡದಲ್ಲಿ ಲೆಕ್ಕ ಬಾರದೆನ್ನುವ ಧೈರ್ಯ ಯಾರಿಗಿದೆ? ಬೇಕಾದ ಪದವನ್ನು ತಂದುಕೊಳ್ಳುವ ಶಕ್ತಿ ಪ್ರತಿಯೊಂದು ಜೀವಂತ ಭಾಷೆಗೂ ಇದೆ. ಇಲ್ಲದ್ದು ಆಳುವವರ ಮನಸ್ಸು.

ಪೆರು ಸರ್ಕಾರ ಈ ಮಕ್ಕಳಿಗೆ ಶಾಲೆ ತೆರೆದ ಕತೆಯನ್ನು ನೋಡಿ. 1945ರಲ್ಲಿ ಅದು ಅಮೆರಿಕದ ಸಮ್ಮರ್ ಇನ್‌ಸ್ಟಿಟ್ಯೂಟ್ ಆಫ್ ಲಿಂಗ್ವಿಸ್ಟಿಕ್ಸ್ ಎಂಬ ಸಂಸ್ಥೆಯೊಡನೆ ಕರಾರು ಮಾಡಿಕೊಂಡಿತು. ಹೆಸರಿಗೆ ಭಾಷಾಶಾಸ್ತ್ರ, ಗುರಿ ಬೈಬಲಿನ ಭಾಷಾಂತರ. ಉಕಯಾಲಿ ಸೀಮೆಯ ಪುಕಾಲ್ಪ ಪಟ್ಟಣದ ಬಳಿ, ಯಾರಿನಕೋಚ ಸರೋವರದ ದಡದಲ್ಲಿ ಅದು ನೆಲೆಯೂರಿತು. 1950ರ ದಶಕದ ಮೊದಲಲ್ಲಿ ಕಾಡಿನ ಬುಡಕಟ್ಟುಗಳ ತರುಣರಿಗೆ ಅಲ್ಲಿ ಉಪಾಧ್ಯಾಯ ತರಬೇತಿ ಆರಂಭವಾಯಿತು. ಈ ಮಿಷನರಿಗಳು ಶ್ರಮಪಟ್ಟರು, ಲಿಪಿ ರೂಪಿಸಿದರು, ಪುಸ್ತಕ ಬರೆದರು. ಅದನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ನಮ್ಮ ಆಕ್ಷೇಪ ಸರ್ಕಾರದ ಮೇಲೆ. ತನ್ನ ಪ್ರಜೆಗಳ ವಿದ್ಯಾಭ್ಯಾಸವನ್ನು ಪರದೇಶದ ಧರ್ಮಪ್ರಚಾರಕರಿಗೆ ಗುತ್ತಿಗೆ ಕೊಟ್ಟು ಕೈತೊಳೆದುಕೊಂಡದ್ದು ಯಾವ ಆಡಳಿತ? ಆ ಶಾಲೆಗಳಲ್ಲಿ ತಾಯ್ನುಡಿ ಬರಿಯ ಏಣಿಯಾಗಿತ್ತು. ಮೊದಲ ತರಗತಿಗಳಲ್ಲಿ ಅದರಲ್ಲಿ ಅಕ್ಷರ, ಮುಂದೆ ಎಲ್ಲವೂ ಸ್ಪಾನಿಷ್. ಮಗು ಮೇಲೇರಿದ ಮೇಲೆ ಏಣಿಯನ್ನು ಒದೆಯುವುದೇ ವಿದ್ಯೆಯೆನಿಸಿತು.

ಅದೇ ಕಾಲದಲ್ಲಿ ಪೆರುವಿನಲ್ಲಿ ಓದುಬರಹ ಬಾರದವರಿಗೆ ಮತದಾನದ ಹಕ್ಕಿರಲಿಲ್ಲ ಎಂಬುದನ್ನು ಓದುಗರು ಮರೆಯಬಾರದು. 1979ರ ಸಂವಿಧಾನ ಬರುವವರೆಗೂ ಇದೇ ಸ್ಥಿತಿ. ಶಾಲೆ ಕೊಡದವರು ಯಾರು? ಸರ್ಕಾರ. ಶಾಲೆ ಕಾಣದ ತಪ್ಪಿಗೆ ಮತ ಕಳೆದುಕೊಂಡವರು ಯಾರು? ಬಡವರು. ಇದಕ್ಕಿಂತ ಅಚ್ಚುಕಟ್ಟಾದ ಮೋಸವನ್ನು ನಾವು ಕಂಡಿಲ್ಲ.

ಕಾಲ ಬದಲಾಯಿತು. 1972ರಲ್ಲಿ ಜನರಲ್ ವೆಲಾಸ್ಕೊನ ಸೈನಿಕ ಸರ್ಕಾರ ವಿದ್ಯಾಭ್ಯಾಸದ ಸುಧಾರಣೆ ಕೈಗೊಂಡಾಗ ದ್ವಿಭಾಷಾ ಶಿಕ್ಷಣ ರಾಷ್ಟ್ರದ ಧೋರಣೆಯಾಯಿತು. 1974ರಲ್ಲಿ ಕಾಡಿನ ಸಮುದಾಯಗಳ ನೆಲದ ಹಕ್ಕಿಗೆ ಕಾನೂನು ಬಂತು. 1980ರಲ್ಲಿ ಅಮೆಜಾನಿನ ಮೂಲನಿವಾಸಿಗಳು ಐಡೆಸೆಪ್ ಎಂಬ ಒಕ್ಕೂಟ ಕಟ್ಟಿದರು. 1988ರಲ್ಲಿ ಇಕಿಟೋಸ್ ನಗರದಲ್ಲಿ ತಮ್ಮದೇ ಉಪಾಧ್ಯಾಯರನ್ನು ತರಬೇತುಗೊಳಿಸುವ ಕಾರ್ಯಕ್ರಮದಲ್ಲಿ ಆ ಒಕ್ಕೂಟವೇ ಪಾಲುದಾರನಾಯಿತು. 1993ರ ಸಂವಿಧಾನ ದ್ವಿಭಾಷಾ ಶಿಕ್ಷಣವನ್ನು ಎತ್ತಿಹಿಡಿಯಿತು. 1999ರಲ್ಲಿ ಯಾರಿನಕೋಚದಲ್ಲಿಯೇ ಅಮೆಜಾನಿನ ಜನರಿಗಾಗಿ ವಿಶ್ವವಿದ್ಯಾನಿಲಯ ಸ್ಥಾಪಿಸುವ ಕಾನೂನಾಯಿತು. 2011ರಲ್ಲಿ ದೇಶದ ಮೂಲಭಾಷೆಗಳ ಹಕ್ಕಿನ ಕಾನೂನೂ ಆಯಿತು. ಇವುಗಳಲ್ಲಿ ಒಂದೂ ಮೇಲಿನವರ ಕೃಪೆಯಿಂದ ತಾನಾಗಿ ಬಂದದ್ದಲ್ಲ. ಸಂಘಟಿತ ಜನ ಕೇಳಿ ಪಡೆದದ್ದು ಬಹಳವಿದೆ.

ಆದರೆ ಗೆಜೆಟ್ಟಿನಲ್ಲಿ ಅಚ್ಚಾದದ್ದು ದೋಣಿ ಹತ್ತಿ ಹಳ್ಳಿಗೆ ತಲುಪಬೇಕಷ್ಟೆ? ಅಲ್ಲಿಯೇ ತೊಡಕು. ಶಿಪಿಬೊ ಬಲ್ಲ, ತರಬೇತಿ ಪಡೆದ ಉಪಾಧ್ಯಾಯರು ಸಾಲದು. ಮಕ್ಕಳ ಮಾತು ತಿಳಿಯದ ಮೇಷ್ಟ್ರು ಬಂದು ಕುಳಿತರೆ ಪಾಠವೆಂಬುದು ಹಲಗೆಯ ಮೇಲಿನ ಅಕ್ಷರ ನಕಲು ಮಾಡುವ ಕೆಲಸವಾಗುತ್ತದೆ. ದೂರದ ಹಳ್ಳಿಯ ಉಪಾಧ್ಯಾಯ ತನ್ನ ಸಂಬಳಕ್ಕೂ ಕಾಗದಪತ್ರಕ್ಕೂ ದೋಣಿಯಲ್ಲಿ ಪಟ್ಟಣಕ್ಕೆ ಹೋಗಿಬರಬೇಕು. ಅಷ್ಟು ದಿನ ಶಾಲೆಗೆ ಬೀಗ. ಪೆರುವಿನ ಶಾಲಾ ವರ್ಷ ಮಾರ್ಚಿಯಲ್ಲಿ ಆರಂಭ. ಅದೇ ಹೊತ್ತಿಗೆ ಉಕಯಾಲಿ ಉಕ್ಕಿ ತಗ್ಗಿನ ಹಳ್ಳಿಗಳಿಗೆ ನುಗ್ಗಿರುತ್ತದೆ. ರಾಜಧಾನಿ ಲಿಮಾದ ಗೋಡೆಯ ಕ್ಯಾಲೆಂಡರಿಗೆ ನದಿ ಕಾಣುವುದಿಲ್ಲ. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಪಾಠ ರೇಡಿಯೋ, ಟೆಲಿವಿಷನ್, ಇಂಟರ್ನೆಟ್ಟುಗಳಿಗೆ ಹೋಯಿತು. ವಿದ್ಯುತ್ತೇ ಇಲ್ಲದ ಮನೆಯ ಮಗು ಯಾವ ಪೆಟ್ಟಿಗೆಯ ಮುಂದೆ ಕೂರಬೇಕಿತ್ತು?

ಇನ್ನೊಂದು ವಿಪರ್ಯಾಸ. ಶಿಪಿಬೊ ಹೆಂಗಸರು ಬಟ್ಟೆಯ ಮೇಲೂ ಗಡಿಗೆಯ ಮೇಲೂ ಬರೆಯುವ ‘ಕೆನೆ’ ಎಂಬ ಚಿತ್ತಾರವನ್ನು ಸರ್ಕಾರ 2008ರಲ್ಲಿ ರಾಷ್ಟ್ರದ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿತು. ಸಂತೋಷ. ತಾಯಿ ಬರೆದ ಗೆರೆ ರಾಷ್ಟ್ರದ ಆಸ್ತಿಯಾದರೆ, ತಾಯಿ ಆಡುವ ಮಾತು ಶಾಲೆಯ ಬಾಗಿಲಲ್ಲಿ ಏಕೆ ನಿಲ್ಲಬೇಕು?

ಒಂದು ಮಾತನ್ನು ನಾವು ಮುಚ್ಚಿಡುವುದಿಲ್ಲ. ಎಷ್ಟೋ ತಂದೆತಾಯಿಗಳು ತಾವಾಗಿ ಸ್ಪಾನಿಷ್ ಕಲಿಸಿರೆಂದು ಕೇಳುತ್ತಾರೆ. ಅವರನ್ನು ತಾಯ್ನುಡಿಯ ದ್ರೋಹಿಗಳೆನ್ನುವುದು ಹೊಟ್ಟೆ ತುಂಬಿದವರ ಮಾತು. ಮರದ ವ್ಯಾಪಾರಿಯ ಸಾಲದ ಪುಸ್ತಕ ಸ್ಪಾನಿಷಿನಲ್ಲಿದೆ. ಕೋರ್ಟು, ಆಸ್ಪತ್ರೆ, ಜಮೀನಿನ ಪತ್ರ, ಎಲ್ಲವೂ ಅದರಲ್ಲಿಯೇ. ಊರು ಬಿಟ್ಟು ಲಿಮಾ ಸೇರಿ, ರಿಮಾಕ್ ನದಿಯ ದಡದ ಕಾಂಟಗಾಯೊದಲ್ಲಿ ಗುಡಿಸಲು ಕಟ್ಟಿಕೊಂಡು, 2016ರ ಬೆಂಕಿಯಲ್ಲಿ ಅದನ್ನೂ ಕಳೆದುಕೊಂಡ ಶಿಪಿಬೊ ಕುಟುಂಬಗಳಿಗೆ ಆ ಭಾಷೆಯಿಲ್ಲದೆ ಒಂದು ದಿನವೂ ಸಾಗದು. ಸ್ಪಾನಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಚೆನ್ನಾಗಿಯೇ ಕಲಿಸಲಿ. ಆದರೆ ತನ್ನ ಭಾಷೆಯಲ್ಲಿ ಯೋಚಿಸಲು ಕಲಿತ ಮಗುವೇ ಎರಡನೆಯ ಭಾಷೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಒಂದನ್ನು ಕಿತ್ತುಕೊಂಡು ಇನ್ನೊಂದನ್ನು ಅರೆಬರೆ ಕೊಟ್ಟರೆ ಮಗು ಎರಡು ಭಾಷೆಗಳಲ್ಲಿಯೂ ಮೂಗನಾಗುತ್ತದೆ. ಅಂಥವನನ್ನು ಮೋಸಗೊಳಿಸುವುದು ವ್ಯಾಪಾರಿಗೂ ಸುಲಭ, ಆಳುವವನಿಗೂ ಸುಲಭ.

ಆದ್ದರಿಂದ ಪರಿಹಾರ ಇನ್ನೊಂದು ಕಾನೂನಲ್ಲ. ಪ್ರಾಥಮಿಕದಿಂದ ಪ್ರೌಢಶಾಲೆಯವರೆಗೂ ಶಿಪಿಬೊ ಪಾಠದ ಭಾಷೆಯಾಗಿ ಉಳಿಯಬೇಕು. ಅದನ್ನು ಬಲ್ಲ ಉಪಾಧ್ಯಾಯನಿಗೆ ತಕ್ಕ ಸಂಬಳ, ಅವನಿರುವ ಹಳ್ಳಿಯ ಹತ್ತಿರವೇ ಸಿಗಬೇಕು. ಶಾಲೆಯ ದಿನಗಳನ್ನು ನದಿ ನೋಡಿ ಊರವರೇ ಗೊತ್ತುಮಾಡಬೇಕು. ಮೇಷ್ಟ್ರ ನೇಮಕದಲ್ಲಿ ಸಮುದಾಯದ ಸಭೆಯ ಮಾತು ನಡೆಯಬೇಕು. ಇದಕ್ಕೆಲ್ಲ ಬಜೆಟ್ಟಿನಲ್ಲಿ ಹಣವಿಡದೆ ಹಕ್ಕನ್ನು ಘೋಷಿಸುವುದು ಎಲೆ ಹಾಸಿ ಅನ್ನ ಬಡಿಸದ ಆತಿಥ್ಯ.

ಶಿಪಿಬೊ ಜನ ಸುಳ್ಳಾಡದ ಎಚ್ಚರವನ್ನು ವ್ಯಾಕರಣದಲ್ಲಿಯೇ ಇಟ್ಟುಕೊಂಡವರು. ಹಕ್ಕು ಇದೆಯಂತೆ, ಕಾನೂನು ಬಂದಿದೆಯಂತೆ, ಮೇಷ್ಟ್ರು ಬರುತ್ತಾರಂತೆ ಎಂದು ಅವರು ಬಹಳ ವರ್ಷ ‘ರೊಂಕಿ’ ಹಚ್ಚಿ ಮಾತಾಡಿದ್ದಾರೆ. ‘ರಾ’ ಹಚ್ಚಿ, ನಮ್ಮ ಶಾಲೆ ಇದೆ, ನಾನೇ ಕಂಡಿದ್ದೇನೆ ಎಂದು ಆ ದಡದ ಮಗು ಹೇಳುವವರೆಗೆ ಪೆರು ಸರ್ಕಾರ ತನ್ನ ಕರ್ತವ್ಯ ಮಾಡಿತೆಂದು ನಾವು ಒಪ್ಪಲಾರೆವು.